ನಳದ ಹುಣ್ಣಿಮೆ, ನಳದ ಅಮಾಸಿ

2023ರ ಜೂನ್ 5. ಪರಿಸರ ದಿನ. ಕಲಬುರಗಿಯ ರಿಂಗ್ ರೋಡಿನ ಆಚೆ ಇರುವ ನಮ್ಮ ಕಾಲೊನಿಯ ಪಾರ್ಕಿಗೆ ಟ್ರ್ಯಾಕ್ಟರ್‌ನಲ್ಲಿ ಅರವತ್ತು ಸಸಿ ಬಂದವು. ಬೇವು, ಹೊಂಗೆ, ನೇರಳೆ, ಒಂದಿಷ್ಟು ಬಾದಾಮಿ. ಕರಿ ಪ್ಲಾಸ್ಟಿಕ್ ಚೀಲದಲ್ಲಿ ಮೊಣಕಾಲೆತ್ತರ ನಿಂತಿದ್ದವು. ಒಂದನ್ನು ಗುಂಡಿಗೆ ಇಳಿಸಿದರು. ಹನ್ನೆರಡು ಮಂದಿ ಅದಕ್ಕೆ ಒಟ್ಟಿಗೆ ಕೈ ಹಚ್ಚಿದರು. ಫೋಟೊ ಆಯಿತು. ಆಮೇಲೆ ಅದನ್ನು ಹುಷಾರಾಗಿ ಮತ್ತೆ ಮೇಲೆತ್ತಿ ಗೋಡೆ ಬದಿಗೆ ಇಟ್ಟರು.

"ಯಾಕ್ರಿ ಸರ್, ಹೊಳ್ಳಿ ತೆಗದ್ರಿ?" ಅಂತ ಕೇಳಿದೆ.

"ನಿನ್ನೆ ಕಾರಹುಣ್ಣಿಮೆ ಮುಗೀತಲ್ರಿ," ಅಂದರು ನಮ್ಮ ಸಂಘದ ಅಧ್ಯಕ್ಷರು. "ಇವತ್ತಿಂದ ಇಳಿಚಂದ್ರ. ಈಗ ನೆಟ್ರ ಗಿಡದ ಶಕ್ತಿ ಎಲ್ಲಾ ಬೇರಿಗೆ ಹೋಗ್ತದ."

ಹೊಸದಾಗಿ ನೆಟ್ಟ ಗಿಡದ ಶಕ್ತಿ ಬೇರಿಗೆ ಹೋದರೆ ಒಳ್ಳೇದೇ ಅಲ್ವಾ? ಕೇಳಬೇಕು ಅಂದುಕೊಂಡೆ. ಅವರ ಮುಖದಲ್ಲಿ ಎಂಥ ಶಾಂತಿ ಇತ್ತೆಂದರೆ, ಕೇಳಲು ಬಾಯಿ ಬರಲಿಲ್ಲ.

ಅಧ್ಯಕ್ಷರು ಕೆಟ್ಟವರಲ್ಲ. ನಿವೃತ್ತರಾದ ಮೇಲೆ ದೊಡ್ಡ ಮೊಬೈಲು ಕೊಂಡರು, ಆ ಮೊಬೈಲಿಗೆ ಒಂದು ಪಿಡಿಎಫ್ ಬಂತು, ಅಷ್ಟೇ ಆಗಿದ್ದು. ನಾಲ್ಕು ಬಣ್ಣದ ಕ್ಯಾಲೆಂಡರ್ ಅದು. ಚಂದ್ರ ಯಾವ ರಾಶಿಯಲ್ಲಿದ್ದಾನೆ ಅಂತ ನೋಡಿ ದಿನಗಳಿಗೆ ಹೆಸರಿಟ್ಟಿದ್ದಾರೆ. ಬೇರಿನ ದಿನ, ಎಲೆಯ ದಿನ, ಹೂವಿನ ದಿನ, ಹಣ್ಣಿನ ದಿನ. ಚಂದ್ರ ವೃಷಭ, ಕನ್ಯಾ, ಮಕರದಲ್ಲಿದ್ದರೆ ಗಜ್ಜರಿ, ಮೂಲಂಗಿ ಹಾಕಬೇಕು. ಕರ್ಕ, ವೃಶ್ಚಿಕ, ಮೀನದಲ್ಲಿದ್ದರೆ ಪಾಲಕ, ಮೆಂತ್ಯೆ. ಅದರ ಮೇಲೆ ಹುಣ್ಣಿಮೆ ಅಮಾಸಿಯ ಲೆಕ್ಕ ಬೇರೆ.

"ನಮ್ಮ ಋಷಿಗಳ ವಿದ್ಯೆ ರೀ ಇದು," ಅಂತ ಗ್ರೂಪಿಗೆ ಹಾಕಿದ್ದರು. ಪಿಡಿಎಫ್ ಕೊನೆಯವರೆಗೂ ಓದಿದವನು ಬಹುಶಃ ನಾನೊಬ್ಬನೇ. ಈ ಪದ್ಧತಿಯ ಮೂಲ ಋಷಿ ರುಡಾಲ್ಫ್ ಸ್ಟೈನರ್ ಅನ್ನುವ ಯುರೋಪಿನ ತತ್ವಜ್ಞಾನಿ. ರೈತ ಅಲ್ಲ. 1924ರಲ್ಲಿ ಈಗ ಪೋಲೆಂಡಿನಲ್ಲಿರುವ ಒಂದು ಊರಲ್ಲಿ ಕೃಷಿ ಬಗ್ಗೆ ಸಾಲು ಭಾಷಣ ಮಾಡಿದ. ಆಕಳ ಕೊಂಬಿನಲ್ಲಿ ಸಗಣಿ ತುಂಬಿ ಚಳಿಗಾಲ ಪೂರಾ ನೆಲದಲ್ಲಿ ಹುಗಿದಿಡಿ, ಆಮೇಲೆ ತೆಗೆದು ನೀರಲ್ಲಿ ಕದಡಿ ಹೊಲಕ್ಕೆ ಚಿಮುಕಿಸಿ ಅಂದ. ಈ ಬಣ್ಣದ ಕ್ಯಾಲೆಂಡರ್ ಬಂದಿದ್ದು ಅದಕ್ಕೂ ಆಮೇಲೆ, 1960ರ ದಶಕದಲ್ಲಿ, ಜರ್ಮನಿಯ ಮರಿಯಾ ಥುನ್ ಅನ್ನುವ ಹೆಣ್ಣುಮಗಳಿಂದ. ಹಿಮ ಬೀಳುವ ಊರಿನ ಲೆಕ್ಕ ಅದು. ಸಗಣಿ ಮಾತ್ರ ಗುರುತಿನದು ಅನಿಸುತ್ತೆ. ನಮ್ಮ ಹಿತ್ತಲಿಂದ ಜರ್ಮನಿಗೆ ಹೋಗಿ, ಪಿಡಿಎಫ್ ಆಗಿ ವಾಪಸ್ ಬಂದಂಗಿದೆ.

ನಮ್ಮ ಊರಿನ ಲೆಕ್ಕ ಏನು? ಎರೆ ಮಣ್ಣು. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ. ಮೇ ತಿಂಗಳಲ್ಲಿ 43, 44 ಡಿಗ್ರಿ ನಮಗೆ ಸುದ್ದಿಯೇ ಅಲ್ಲ. ಇನ್ನು ಚಂದ್ರ? ನಮ್ಮ ಓಣಿಯ ಚಂದ್ರ ಯಾರು ಅಂತ ಸಣ್ಣ ಹುಡುಗರನ್ನು ಕೇಳಿದರೂ ಹೇಳುತ್ತಾರೆ, ನಳದ ನೀರು ಬಿಡುವವನು. ಅವನ ಕೈಯಲ್ಲಿ ಉದ್ದನೆಯ ಕಬ್ಬಿಣದ ಚಾವಿ ಇರುತ್ತದೆ. ಅದನ್ನು ವಾಲ್ವಿನ ಗುಂಡಿಗೆ ಇಳಿಸಿ ತಿರುವಿದ ದಿನ ನಮಗೆಲ್ಲ ಹುಣ್ಣಿಮೆ. ಐದು ದಿನಕ್ಕೊಮ್ಮೆ ಬರುತ್ತದೆ, ಕೆಲವು ಸಲ ಎಂಟು ದಿನ. ಎಲ್ಲೋ ಮೋಟಾರು ಸುಟ್ಟರೆ ಹದಿನೈದು ದಿನ.

ಆ ಹುಣ್ಣಿಮೆಗೂ ತಿಥಿಗಳಿವೆ. ಮೊದಲ ಹತ್ತು ನಿಮಿಷ ನಳದಲ್ಲಿ ಬರೀ ಗಾಳಿ, ಅದು ಪಾಡ್ಯ. ಆಮೇಲೆ ಕೆಂಪು ನೀರು, ಅದು ಬಿದಿಗೆ. ದಾರದಂಥ ಧಾರೆ ಬಿದ್ದರೆ ಚೌತಿ. ಒಂದು ಬಕೇಟು ತುಂಬುವ ಹೊತ್ತಿಗೆ ಅಷ್ಟಮಿ. ಅಷ್ಟರಲ್ಲಿ ಮೂಲೆ ಮನೆಯವರು ನಳಕ್ಕೇ ಮೋಟಾರು ಹಚ್ಚಿದರೋ, ಖಗ್ರಾಸ ಗ್ರಹಣ. ಈ ಪಂಚಾಂಗವನ್ನು ಮಾತ್ರ ಯಾರೂ ಪಿಡಿಎಫ್ ಮಾಡಿ ಕಳಿಸಿಲ್ಲ.

ಪಾರ್ಕಿನ ಮಾಲಿ ಆಳಂದ ಕಡೆಯವನು. ನಾವೆಲ್ಲ ಮುತ್ಯಾ ಅಂತೀವಿ. ಅರವತ್ತು ಸಸಿ ಗೋಡೆ ಬದಿಗೆ ನಿಂತಿದ್ದನ್ನು ನೋಡಿ ಅವನು ಅವತ್ತೇ ಹೇಳಿದ.

"ಸಾಹೇಬ್ರ, ಚೀಲದಾಗ ಮುಷ್ಟಿ ಮಣ್ಣ ಅದ. ಇಂಥ ಬಿಸಲಾಗ ಎಷ್ಟ ದಿನ ತಡೀತಾವ? ನೆಲಕ್ಕ ಹಚ್ಚಿಬಿಡಮು."

"ಅಮಾಸಿ ದಾಟ್ಲಿ ಮುತ್ಯಾ," ಅಂದರು ಅಧ್ಯಕ್ಷರು.

ಆ ವರ್ಷ ಮಳೆಗಾಲವೂ ತಡ. ಕೇರಳಕ್ಕೆ ಮುಂಗಾರು ಕಾಲಿಟ್ಟಿದ್ದೇ ಜೂನ್ 8ಕ್ಕೆ. ಮಣ್ಣೆತ್ತಿನ ಅಮಾಸಿ ಬಿದ್ದಿದ್ದು ಜೂನ್ 18ಕ್ಕೆ. ಅಷ್ಟರಲ್ಲಿ ಸಸಿಗಳು ನಲವತ್ತೊಂದಕ್ಕೆ ಇಳಿದಿದ್ದವು. ಇಳಿಚಂದ್ರನ ಪ್ರಭಾವ ಅಂದರೆ ಇದೇ ಇರಬೇಕು, ಎಣಿಸಿ ನೋಡಬಹುದಿತ್ತು.

ಅಮಾಸಿ ದಾಟಿತು. ಏರುಚಂದ್ರ ಬಂದ. ಇನ್ನು ನೆಡಬಹುದು ಅಂತ ಗುದ್ದಲಿ ಹುಡುಕುವಷ್ಟರಲ್ಲಿ ಯಾರಿಗೋ ನೆನಪಾಯಿತು, ಆಷಾಢ ಶುರುವಾಗಿದೆ. ಆಷಾಢದಲ್ಲಿ ಶುಭಕಾರ್ಯ ಯಾರಾದರೂ ಮಾಡ್ತಾರಾ? ಪಾಪ, ಸ್ಟೈನರನಿಗೆ ಆಷಾಢ ಗೊತ್ತಿರಲಿಲ್ಲ. ಆ ಕೊರತೆಯನ್ನು ನಮ್ಮ ಸಂಘ ತುಂಬಿಕೊಟ್ಟಿತು. ಆಷಾಢ ಮುಗಿಯಿತು. ಜುಲೈ 18. ಈ ಸಲ ಅಧಿಕ ಶ್ರಾವಣ!

ಅಧಿಕ ಮಾಸ ಯಾಕೆ ಬರುತ್ತದೆ ಅಂದರೆ, ಹನ್ನೆರಡು ಚಾಂದ್ರಮಾಸ ಸೇರಿದರೆ 354 ದಿನ ಆಗುತ್ತದೆ. ಸೂರ್ಯನ ವರ್ಷ 365 ದಿನದ್ದು. ವರ್ಷಕ್ಕೆ ಹನ್ನೊಂದು ದಿನ ಸಾಲ ಬೀಳುತ್ತದೆ. ಸಾಲ ಬೆಳೆದು ತಿಂಗಳಷ್ಟಾದಾಗ, ಅಂದರೆ ಎರಡೂವರೆ ಮೂರು ವರ್ಷಕ್ಕೊಮ್ಮೆ, ಒಂದು ತಿಂಗಳು ಜಾಸ್ತಿ ಸೇರಿಸಿ ತೀರಿಸುತ್ತೇವೆ. ಯಾಕೆ ತೀರಿಸಬೇಕು? ತೀರಿಸದಿದ್ದರೆ ಶ್ರಾವಣ ಹಿಂದೆ ಹಿಂದೆ ಸರಿದು ಬೇಸಿಗೆಗೆ ಬಂದು ನಿಲ್ಲುತ್ತದೆ. ಅಂದರೆ ಚಂದ್ರನನ್ನು ನಂಬಿ ಕೂತರೆ ಮಳೆಗಾಲ ತಪ್ಪುತ್ತದೆ ಅಂತ ಪಂಚಾಂಗ ಬರೆದವರಿಗೇ ಗೊತ್ತಿತ್ತು. ಅದಕ್ಕೇ ಸೂರ್ಯನ ಕೈಯಲ್ಲಿ ಚಂದ್ರನ ಕಿವಿ ಹಿಂಡಿಸಿ ಜಾಗಕ್ಕೆ ತಂದು ನಿಲ್ಲಿಸಿದರು. ನಾವು ಆ ಕಿವಿ ಹಿಂಡಿದ ತಿಂಗಳನ್ನೇ ನೆಪ ಮಾಡಿಕೊಂಡು ಸಸಿ ಒಣಗಿಸಿದೆವು.

ಬಸವಕಲ್ಯಾಣ ನಮ್ಮಿಂದ ಎರಡು ತಾಸಿನ ದಾರಿ. ಯಾರಾದರೂ ಬಂದು ಕೇಳಿದರೆ ಚಂದ್ರಬಲ, ತಾರಾಬಲ ಎಲ್ಲ ಇದೆ ಅಂತಲೇ ಹೇಳಿಬಿಡಿ, ನಾಳೆಗಿಂತ ಇವತ್ತೇ ಲೇಸು ಅನ್ನಿ ಅಂತ ಬಸವಣ್ಣ 12ನೇ ಶತಮಾನದಲ್ಲೇ ಹೇಳಿದ್ದ. ಎರಡು ತಾಸಿನ ದಾರಿ ಸವೆಸಲು ಆ ಮಾತಿಗೆ ಒಂಬತ್ತು ಶತಮಾನ ಸಾಲಲಿಲ್ಲ ನೋಡಿ.

ಜುಲೈಯಲ್ಲಿ ಒಂದು ಸಭೆ ಆಯಿತು. ಪಾರ್ಕಿನಲ್ಲೇ, ಹೈಮಾಸ್ಟ್ ದೀಪದ ಕೆಳಗೆ. ಸುಸಲಾ, ಮಿರ್ಚಿ ಭಜಿ ಇತ್ತು, ಹಂಗಾಗಿ ಮಂದಿ ಚೆನ್ನಾಗಿ ಸೇರಿದ್ದರು. ನಮ್ಮ ಅವ್ವನೂ ಬಂದಿದ್ದಳು. ಅಧ್ಯಕ್ಷರು ಪಿಡಿಎಫ್ ಬಿಚ್ಚಿ ಪಾಠ ಶುರು ಮಾಡಿದರು. ನೆಲದ ಮೇಲೆ ಬೆಳೆಯುವುದನ್ನು ಶುಕ್ಲಪಕ್ಷದಲ್ಲಿ ಹಾಕಬೇಕು, ನೆಲದೊಳಗೆ ಬೆಳೆಯುವುದನ್ನು ಕೃಷ್ಣಪಕ್ಷದಲ್ಲಿ.

ಅವ್ವ ಮಿರ್ಚಿ ಕೆಳಗಿಟ್ಟಳು. "ಯಪ್ಪಾ, ಶೇಂಗಾ ಯಾವಾಗ ಹಾಕ್ಬೇಕು?"

"ಶೇಂಗಾ ನೆಲದಾಗ ಬೆಳೀತದಲ್ಲವ್ವಾ, ಕೃಷ್ಣಪಕ್ಷದಾಗ."

"ಹೂ ಮ್ಯಾಲ ಬಿಡ್ತದ. ಆಮ್ಯಾಲ ಅದು ಬಾಗಿ ಮಣ್ಣಾಗ ಹೋಗಿ ಕಾಯಿ ಕಟ್ತದ. ಮ್ಯಾಲಿಂದೂ ಅದ, ಕೆಳಗಿಂದೂ ಅದ."

ಅಧ್ಯಕ್ಷರು ಪಿಡಿಎಫ್ ಮೇಲೆ ಕೆಳಗೆ ಸರಿಸಿ ನೋಡಿದರು. ಜರ್ಮನಿಯಲ್ಲಿ ಶೇಂಗಾ ಹಾಕೋದಿಲ್ಲ.

"ಉಳ್ಳಾಗಡ್ಡಿ?" ಅಂದಳು ಅವ್ವ. "ತಪ್ಪಲಾನೂ ತಿಂತೀವಿ, ಗಡ್ಡಿನೂ ತಿಂತೀವಿ. ಮೂಲಂಗಿನೂ ಹಂಗ. ತಪ್ಪಲಾ ಮೊದ್ಲ ಹಾಕಿ, ಹದಿನೈದ ದಿನ ಬಿಟ್ಟು ಗಡ್ಡಿ ಹಾಕ್ಬೇಕೇನು?"

ಸಭೆಯಲ್ಲಿ ನಗು ಎದ್ದಿತು. ಅಧ್ಯಕ್ಷರು ಸೋಲುವವರಲ್ಲ. ಸಮುದ್ರಕ್ಕೆ ಹೋದರು. ಚಂದ್ರ ಅಷ್ಟು ದೊಡ್ಡ ಸಮುದ್ರದ ನೀರನ್ನೇ ಎತ್ತುತ್ತಾನೆ, ಗಿಡದೊಳಗಿನ ನೀರು ಎತ್ತೋದಿಲ್ವಾ? ಈ ಪ್ರಶ್ನೆಗೆ ಇಡೀ ಕಾಲೊನಿ ಗಪ್ ಚಿಪ್. ಕಲಬುರಗಿಯಲ್ಲಿ ಸಮುದ್ರದ ವಿಷಯ ತೆಗೆದರೆ ಯಾರೂ ಎದುರು ಮಾತಾಡೋದಿಲ್ಲ, ನೋಡಿದವರು ಕಡಿಮೆ.

ನಾನು ಎದ್ದು ನಿಂತೆ. ಮನೆಯಾಕೆ ಅಂಗಿ ಹಿಡಿದು ಎಳೆದರೂ ಎದ್ದೆ. ಸಮುದ್ರ ಸಾವಿರಾರು ಕಿಲೋಮೀಟರು ಅಗಲ ಇರುವುದಕ್ಕೇ ಉಬ್ಬರ ಕಾಣೋದು. ಈ ಕಡೆ ಎಳೆತಕ್ಕೂ ಆ ಕಡೆ ಎಳೆತಕ್ಕೂ ವ್ಯತ್ಯಾಸ ಇರುತ್ತದೆ, ಅದರಿಂದ ನೀರು ಉಬ್ಬುತ್ತದೆ. ಅಮೆರಿಕದ ದೊಡ್ಡ ಸರೋವರಗಳಲ್ಲೇ ಉಬ್ಬರ 5 ಸೆಂಟಿಮೀಟರು ದಾಟೋದಿಲ್ಲ. ಇನ್ನು ನಮ್ಮ ಅಪ್ಪನ ಕೆರೆ ಎಲ್ಲಿ, ಮೊಣಕಾಲೆತ್ತರದ ಬೇವಿನ ಸಸಿ ಎಲ್ಲಿ? ಇನ್ನೊಂದು ಮಾತು. ಸಮುದ್ರಕ್ಕೆ ಹುಣ್ಣಿಮೆಗೂ ಜೋರು ಉಬ್ಬರ, ಅಮಾಸಿಗೂ ಅಷ್ಟೇ ಜೋರು. ಹುಣ್ಣಿಮೆಗೆ ರಸ ಏರುತ್ತದೆ ಅಂದರೆ ಅಮಾಸಿಗೂ ಏರಬೇಕು. ಮತ್ತೆ ಅಮಾಸಿ ಯಾಕ್ರಿ ಕೆಟ್ಟದ್ದು?

"ಬೆಳಕಿನ ಶಕ್ತಿ ರೀ, ಬೆಳಕು," ಅಂದರು ಅಧ್ಯಕ್ಷರು.

ಹುಣ್ಣಿಮೆಯ ಬೆಳಕಿಗಿಂತ ಸೂರ್ಯನ ಬೆಳಕು ನಾಲ್ಕು ಲಕ್ಷ ಪಟ್ಟು ಜಾಸ್ತಿ. ನಾವೆಲ್ಲ ಆಗ ಕೂತಿದ್ದ ಹೈಮಾಸ್ಟ್ ದೀಪದ ಬೆಳಕೂ ಹುಣ್ಣಿಮೆಯನ್ನು ನಾಚಿಸುವಂಥದ್ದು. ಅದರ ಕೆಳಗಿನ ಹುಲ್ಲಿಗೆ ವರ್ಷದ 365 ದಿನವೂ ಹುಣ್ಣಿಮೆ. ಆದರೂ ಅದು ಒಣಗೇ ಇತ್ತು. ಎಲ್ಲರೂ ಕೆಳಗೆ ನೋಡಿದರು. ನೋಡಿ, ಮತ್ತೊಂದು ಮಿರ್ಚಿ ತೆಗೆದುಕೊಂಡರು.

2020ರಲ್ಲಿ ಸ್ಪೇನಿನ ವಲೆನ್ಸಿಯಾದ ಸಂಶೋಧಕರು ಈ ಕುರಿತ ಪುಸ್ತಕ, ಪ್ರಯೋಗ ಎಲ್ಲ ಜಾಲಾಡಿ, ಚಂದ್ರನ ಪಕ್ಷಕ್ಕೂ ಬೆಳೆಗೂ ನಂಟಿದೆ ಅನ್ನೋದಕ್ಕೆ ನಂಬುವಂಥ ಪುರಾವೆ ಇಲ್ಲ ಅಂತ ಬರೆದಿದ್ದಾರೆ ಅಂತಲೂ ಹೇಳಿದೆ. ಅಷ್ಟೊತ್ತಿಗೆ ಚಹಾ ಬಂತು. ಸ್ಪೇನ್ ಸೋತಿತು.

ಹಾಗಂತ ನಮ್ಮ ಕಡೆಯ ರೈತರು ಆಕಾಶ ನೋಡೋದಿಲ್ಲ ಅಂತಲ್ಲ. ನೋಡುತ್ತಾರೆ. ರೋಹಿಣಿ ಮಳೆ, ಮಿರಗ, ಆರಿದ್ರಾ, ಮಘಿ, ಹುಬ್ಬಿ, ಸ್ವಾತಿ ಅಂತ ಬೆರಳ ಮೇಲೆ ಎಣಿಸುತ್ತಾರೆ. ಆದರೆ ಆ ಮಳೆ ನಕ್ಷತ್ರಗಳು ಚಂದ್ರನವಲ್ಲ, ಸೂರ್ಯನವು. ಸೂರ್ಯ ಆ ನಕ್ಷತ್ರದಲ್ಲಿರುವ ಹದಿಮೂರು ಹದಿನಾಲ್ಕು ದಿನವೇ ಆ ಮಳೆ. ಅದಕ್ಕೇ ಮಿರಗ ಪ್ರತಿ ವರ್ಷ ಜೂನ್ 8ರ ಆಸುಪಾಸಿಗೇ ಕೂಡುತ್ತದೆ. ಚಂದ್ರನೋ, ಆ 27 ನಕ್ಷತ್ರವನ್ನೂ 27 ದಿನದಲ್ಲಿ ಸುತ್ತಿ ಮುಗಿಸುತ್ತಾನೆ. ಅವನ ಹಿಂದೆ ಓಡಿದರೆ ಕೂರಿಗೆ ಹೂಡೋದು ಯಾವಾಗ? ಹದ ನೋಡಿ ಹರಗು, ಬೆದೆ ನೋಡಿ ಬಿತ್ತು ಅಂದರು ಹಿರಿಯರು. ಹದ, ಬೆದೆ ಎರಡೂ ಇರೋದು ಕಾಲ ಕೆಳಗೆ. ಜೂನ್ ಜುಲೈಯಲ್ಲಿ ಬಿತ್ತಿದ ತೊಗರಿ ಡಿಸೆಂಬರ್, ಜನವರಿವರೆಗೂ ಹೊಲದಲ್ಲಿ ನಿಲ್ಲುತ್ತದೆ. ಐದಾರು ಹುಣ್ಣಿಮೆ, ಐದಾರು ಅಮಾಸಿ ಕಾಣುತ್ತದೆ. ಅದನ್ನು ಕೆಡಿಸೋದು ಕಾಯಿಕೊರಕ ಹುಳ, ನೆಟೆ ರೋಗ, ಹೂ ಬಿಡುವಾಗಿನ ಮಂಜು. ಚಂದ್ರನ ಮೇಲೆ ಯಾವ ರೈತನೂ ತಕರಾರು ಹೇಳಿದ್ದು ನಾನು ಕೇಳಿಲ್ಲ.

ನಮ್ಮ ಕಡೆ ಹೊಲದ ದೊಡ್ಡ ಹಬ್ಬ ಎಳ್ಳಮಾಸಿ. ಅದೂ ಅಮಾಸಿಯೇ! ಮನೆ ಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಸಜ್ಜಿ ರೊಟ್ಟಿ, ಭಜ್ಜಿಪಲ್ಯ, ಶೇಂಗಾ ಹೋಳಿಗೆ ತಿಂದು, ಬೆಳೆಯ ನೆರಳಲ್ಲೇ ಅಡ್ಡಾಗುತ್ತಾರೆ. ರೈತ ಚಂದ್ರನನ್ನು ಊಟಕ್ಕೆ ಕರೆಯುತ್ತಾನೆ, ಕೆಲಸಕ್ಕೆ ಕರೆಯೋದಿಲ್ಲ.

ಇನ್ನು ಟೊಮ್ಯಾಟೊ ಕಥೆ. ಪಾರ್ಕಿನ ಹಿಂದೆ ವಾಲ್ವಿನ ಗುಂಡಿ ಒಂದಿದೆ. ವರ್ಷಗಟ್ಟಲೆ ಸೋರುತ್ತಿತ್ತು. ದೂರು ಕೊಟ್ಟು ಕೊಟ್ಟು ಸಾಕಾಗಿ ಬಿಟ್ಟಿದ್ದೆವು. ಅದರ ಪಕ್ಕ ಒಂದು ಟೊಮ್ಯಾಟೊ ಗಿಡ ತಾನೇ ಎದ್ದಿತ್ತು. ಯಾರದೋ ಊಟದ ಡಬ್ಬಿ ತೊಳೆದ ನೀರಲ್ಲಿ ಬೀಜ ಬಿದ್ದಿರಬೇಕು. ಯಾರೂ ನೋಡಿರಲಿಲ್ಲ. ಜುಲೈಯಲ್ಲಿ ಟೊಮ್ಯಾಟೊ ಕಿಲೋಗೆ ನೂರು ರೂಪಾಯಿ ದಾಟಿತು ನೋಡಿ, ಇಡೀ ಕಾಲೊನಿಗೆ ವಾಲ್ವಿನ ಗುಂಡಿ ಕಡೆ ವಾಕಿಂಗ್ ಹೋಗುವ ಚಟ ಹತ್ತಿತು. ಕಣ್ಣಿ ಮಾರ್ಕೆಟ್‌ನಲ್ಲಿ ಕಾಲು ಕಿಲೋ ಕೇಳಲು ಹಿಂಜರಿಯುತ್ತಿದ್ದವರು ಇಲ್ಲಿ ಕತ್ತಲಲ್ಲಿ ಬಂದು ಬಗ್ಗುತ್ತಿದ್ದರು. ಹಣ್ಣಾಗಲು ಯಾರೂ ಬಿಡಲಿಲ್ಲ. ಹಸಿರಿದ್ದಾಗಲೇ ಕಾಯಿ ಮಾಯ. ಚಟ್ನಿ ಯಾರ ಮನೆಯಲ್ಲಿ ಆಯಿತು ಅನ್ನೋದು ವಾಸನೆಯಿಂದ ಗೊತ್ತಾಗುತ್ತಿತ್ತು.

ಅಧ್ಯಕ್ಷರಿಗೆ ಬೇರೆ ಚಿಂತೆ. ಇಷ್ಟು ಕಾಯಿ ಬಿಟ್ಟ ಗಿಡ ಯಾವ ತಿಥಿಯಲ್ಲಿ ಹುಟ್ಟಿರಬಹುದು? ಎತ್ತರ ಅಳೆದು, ಗೆಣ್ಣು ಎಣಿಸಿ, ಹಿಂದಕ್ಕೆ ಲೆಕ್ಕ ಹಾಕಿ, ಚೈತ್ರ ಶುದ್ಧ ದಶಮಿ ಅಂತ ತೀರ್ಮಾನಿಸಿದರು. ಟೊಮ್ಯಾಟೊಗೆ ಜಾತಕ ಬರೆದ ಮೊದಲ ಕಾಲೊನಿ ನಮ್ಮದೇ ಇರಬೇಕು. ಅದರ ಬುಡದಲ್ಲಿ ಹರಿಯುತ್ತಿದ್ದ ನೀರನ್ನು ದಾಟಿಕೊಂಡೇ ಹೋಗಿ ಬಂದು ಮಾಡಿದರು, ಪ್ಯಾಂಟು ಮಡಚಿ.

ಆಗಸ್ಟ್‌ನಲ್ಲಿ ನಿಜ ಶ್ರಾವಣ ಬಂತು. ಗೋಡೆ ಬದಿಯ ಸಸಿಗಳು ಅಷ್ಟೊತ್ತಿಗೆ ಸೌದೆ. ಮತ್ತೆ ಅರವತ್ತು ಹೊಸ ಸಸಿ ತರಿಸಿದರು. ದಿನವೂ ಎಂಥಾದ್ದು ಸಿಕ್ಕಿತು! ಆಗಸ್ಟ್ 23, ಶ್ರಾವಣ ಶುದ್ಧ ಸಪ್ತಮಿ, ಚಂದ್ರಯಾನ-3 ಇಳಿಯುವ ದಿನ. ಅತಿಥಿಗಳು ಬರುತ್ತಾರೆ ಅಂತ ಪಾರ್ಕಿಗೆ ಸುಣ್ಣ ಬಳಿದರು. ಎಷ್ಟೋ ವರ್ಷ ಸೋರಿದ ವಾಲ್ವು ಒಂದೇ ದಿನದಲ್ಲಿ ರಿಪೇರಿಯಾಯಿತು, ಗುಂಡಿಯ ಮೇಲೆ ಶಹಾಬಾದ್ ಕಲ್ಲು ಹಾಸಿದರು. ಐದೂವರೆಗೆ ಸಸಿ ನೆಟ್ಟರು. ಈ ಸಲ ಖರೇನೇ ನೆಟ್ಟರು. 6 ಗಂಟೆ 4 ನಿಮಿಷಕ್ಕೆ ವಿಕ್ರಮ್ ಇಳಿಯಿತು. ಪರದೆ ಮುಂದೆ ಎಲ್ಲರೂ ಎದ್ದು ಚಪ್ಪಾಳೆ ಹೊಡೆದೆವು. ನನಗೂ ಕಣ್ಣು ತುಂಬಿ ಬಂತು, ಸುಳ್ಳು ಹೇಳೋದಿಲ್ಲ.

"ನೋಡ್ರಿ, ಇಸ್ರೋದವ್ರೂ ಶುಕ್ಲಪಕ್ಷ ನೋಡೇ ಇಳಿಸ್ಯಾರ," ಅಂತ ಅಧ್ಯಕ್ಷರು ನನ್ನ ಬಾಯಿಗೆ ಪೇಡೆ ಇಟ್ಟರು. ಪೇಡೆ ಇದ್ದುದರಿಂದ ಉತ್ತರ ಕೊಡಲಾಗಲಿಲ್ಲ. ಇಸ್ರೋದವರು ಪಕ್ಷ ನೋಡಿದ್ದು ಖರೇ. ಇಳಿಯುವ ಜಾಗದಲ್ಲಿ ಆಗ ಬೆಳಗು ಶುರುವಾಗಬೇಕಿತ್ತು, ಚಂದ್ರನ ಮೇಲೆ ಹಗಲು ನಮ್ಮ ಲೆಕ್ಕದಲ್ಲಿ ಹದಿನಾಲ್ಕು ದಿನ, ಅಷ್ಟೂ ದಿನ ಯಂತ್ರಕ್ಕೆ ಬಿಸಿಲು ಸಿಗಬೇಕಿತ್ತು. ಅಂದರೆ ಚಂದ್ರನ ಮೇಲೆ ಹೋದವರೂ ಕೊನೆಗೆ ಸೂರ್ಯನನ್ನೇ ಕೇಳಿದರು. ಚಂದ್ರನಲ್ಲಿ ನೀರಿನ ಅಂಶ ಇದೆ ಅಂತ ಚಂದ್ರಯಾನ-1 ಹಿಂದೆಯೇ ತೋರಿಸಿತ್ತು. ನಮ್ಮ ಪಾರ್ಕಿನ ನಳದಲ್ಲಿ ಇನ್ನೂ ತೋರಿಸಿಲ್ಲ.

ಆ ಆಗಸ್ಟ್‌ನಲ್ಲಿ ದೇಶದಲ್ಲಿ ವಾಡಿಕೆಗಿಂತ 36 ಪ್ರತಿಶತ ಕಡಿಮೆ ಮಳೆ. 1901ರಿಂದ ಈಚೆಗೆ ಅಷ್ಟು ಒಣ ಆಗಸ್ಟ್ ಬಂದೇ ಇರಲಿಲ್ಲ. ಮುಂದೆ ರಾಜ್ಯದ ಬಹುತೇಕ ತಾಲ್ಲೂಕುಗಳನ್ನು ಬರಪೀಡಿತ ಅಂತ ಘೋಷಿಸಿದರು. ಶುಭ ಮುಹೂರ್ತಕ್ಕೆ ಅಂತಲೇ ಮಿರಗ, ಆರಿದ್ರಾ ಎಲ್ಲ ಬಿಟ್ಟು ಕಾದು ಕಾದು ಕೊನೆಗೆ ನೆಟ್ಟಿದ್ದು ಇಂಥ ತಿಂಗಳಲ್ಲಿ. ನಳಕ್ಕೂ ಅದೇ ಹೊತ್ತಿಗೆ ಅಮಾಸಿ ಹಿಡಿಯಿತು. ನೂಲ ಹುಣ್ಣಿಮೆ ರಾತ್ರಿ ಚಂದ್ರ ಭೂಮಿಗೆ ಹತ್ತಿರ ಬಂದು ದೊಡ್ಡ ತಟ್ಟೆಯಂತೆ ಕಂಡ. ಆ ಬೆಳದಿಂಗಳಲ್ಲಿ ಬಾಡಿದ ಎಲೆಗಳು ಬಹಳ ಚೆಂದ ಕಂಡವು. ಟೊಮ್ಯಾಟೊ ಗಿಡ ಮೊದಲೇ ಕಲ್ಲಿನ ಕೆಳಗೆ ಹೋಗಿತ್ತು.

ಗ್ರೂಪಿನಲ್ಲಿ ಅಧ್ಯಕ್ಷರು ಬರೆದರು: "ನೆಟ್ಟ ಮರುದಿನವೇ ಚಂದ್ರ ವೃಶ್ಚಿಕಕ್ಕೆ ಹೋಗಿ ನೀಚನಾದ. ಆದ್ದರಿಂದ ಸಸಿಗಳು ಒಣಗಿದವು." ಹತ್ತು ಮಂದಿ ಕೈಮುಗಿದರು.

ವಾರ ಬಿಟ್ಟು ಇನ್ನೊಂದು ಮೆಸೇಜು ಬಂತು, ಫೋಟೊ ಸಮೇತ. ಪಾರ್ಕಿನ ಹಿಂದೆ ಐದು ಬೇವಿನ ಗಿಡ, ಎದೆಮಟ್ಟ, ಎಲೆ ಫಳಫಳ. "ಸಪ್ತಮಿಯಂದು ನೆಟ್ಟವು. ಶುಕ್ಲಪಕ್ಷದ ಮಹಿಮೆ." ನಾನು ಹೋಗಿ ನೋಡಿದೆ. ಎರಡು ವಾರದಲ್ಲಿ ಎದೆಮಟ್ಟ ಬೆಳೆಯುವ ಬೇವು ಎಲ್ಲೂ ಇಲ್ಲ. ಮುತ್ಯಾ ಅಲ್ಲೇ ಕಳೆ ಕೀಳುತ್ತಿದ್ದ. ಮೆಸೇಜು ಓದಿ ಹೇಳಿದೆ. ಅವನು ಗಡ್ಡ ಕೆರೆದುಕೊಂಡ.

"ಅವು ಜೂನ್‌ದಾಗ ಬಂದವ್ರಿ ಸಾಹೇಬ್ರ. ಟ್ರ್ಯಾಕ್ಟರ್ ಬಂದ ಮರುದಿನಾನೇ ಐದ ಕದ್ದು ಇಲ್ಲಿ ಹಚ್ಚಿದ್ದೆ. ಸೋರೂ ನೀರ ಸಾಲತಿತ್ತು. ಅಧ್ಯಕ್ಷರಿಗಿ ಹೇಳಬ್ಯಾಡ್ರಿ, ಬೈತಾರ."

ಹೇಳೋದಿಲ್ಲ ಅಂದೆ. ಮರುದಿನ ಬೆಳಿಗ್ಗೆ ಅವನು ಎರಡು ಖಾಲಿ ಕ್ಯಾನ್ ಹಿಡಿದು ನಮ್ಮ ಗೇಟಿನ ಮುಂದೆ ನಿಂತಿದ್ದ. ವಾಲ್ವು ರಿಪೇರಿ ಆಗಿದೆ, ಐದು ಗಿಡಕ್ಕೆ ಒಂದೊಂದು ಚೆರಿಗೆ ನೀರು ಆದರೂ ಬೇಕಂತೆ. ನಮ್ಮ ನಳಕ್ಕೆ ನೀರು ಬಂದು ಅವತ್ತಿಗೆ ಒಂಬತ್ತು ದಿನ. ಮನೆಯಾಕೆ ಒಳಗಿಂದ ಅಕ್ಕಿ ತೊಳೆದ ನೀರು ತಂದು ಅವನ ಕ್ಯಾನಿಗೆ ಸುರಿದಳು.